ಡಬ್ಬಿಯೊಳಗಿನ ಸಕ್ಕರೆ

ಅಚ್ಯುತ ತೀರಿಕೊಂಡ ಮರುದಿನ ಅವನ ಬ್ಯಾಗಿನ ಜೊತೆ ಊಟದ ಡಬ್ಬಿಯೂ ಫತೇಗಂಜಿನ ಮನೆಗೆ ಬಂತು. ಯಾರೋ ತೊಳೆದಿದ್ದರು. ಒಳಗೆ ಒಂದು ಹಿಡಿ ಸಕ್ಕರೆ.

ಜಗಳವಾದಾಗ ಅಚ್ಯುತ ಮಾತಿನಲ್ಲಿ ಎಂದೂ ಸೋತವನಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದು ಹೆಂಡತಿ ಮನಸ್ವಿನಿಯ ಬಾಯಿಗೆ ಚಿಟಿಕೆ ಸಕ್ಕರೆ ಹಾಕಿ ಹೋಗುತ್ತಿದ್ದ, ಅಲ್ಲಿಗೆ ಮುಗಿಯಿತು. ಅವನು ತೀರಿಕೊಂಡ ಮಂಗಳವಾರ ಬೆಳಿಗ್ಗೆಯೂ ಜಗಳವಾಗಿತ್ತು, ಅಹಮದಾಬಾದಿಗೆ ವರ್ಗ ಕೇಳುವ ವಿಷಯಕ್ಕೆ. ಮನಸ್ವಿನಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅವನು ಮಾತಾಡದೆ ಎತ್ತಿಕೊಂಡು ಸೂರತ್ತಿನ ರೈಲು ಹಿಡಿದ. ವಾರಕ್ಕೊಮ್ಮೆ ಅಲ್ಲಿಯ ಪಾಂಡೇಸರಾ ಬಡಾವಣೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನ ಯಂತ್ರ ನೋಡಿಬರುವುದು ಅವನ ಕೆಲಸ. ಅಲ್ಲೇ, ಮಧ್ಯಾಹ್ನ ಮೂರಕ್ಕೆ, ಎದೆ ಹಿಡಿದುಕೊಂಡು ಕುಸಿದ.

ಸಕ್ಕರೆಯನ್ನು ಅವಳು ಮುಟ್ಟಲಿಲ್ಲ. ಇರುವೆಗಳೂ ಮುಟ್ಟಲಿಲ್ಲ. ಪ್ರತಿ ಮಂಗಳವಾರ ಸಂಜೆ, ಅವನು ಮನೆ ಸೇರುತ್ತಿದ್ದ ಹೊತ್ತಿಗೆ, ಡಬ್ಬಿಯ ಕೊಂಡಿ ತಾನಾಗಿಯೇ ಕಟ್ ಎನ್ನುತ್ತಿತ್ತು. ಹನ್ನೊಂದು ತಿಂಗಳು ಕೇಳಿಸಿಕೊಂಡಳು. ವರ್ಷದ ತಿಥಿ ಹತ್ತಿರ ಬಂತು. ಸಕ್ಕರೆ ಅವನೇ ಹಾಕಿದ್ದರೆ ಜಗಳ ಮುಗಿದಿತ್ತು. ತಿಳಿಯಲೇಬೇಕೆಂದು ಸೂರತ್ತಿಗೆ ಹೊರಟಳು.

ಯಾರೆಂದು ತಿಳಿದೊಡನೆ ಮಿಲ್ಲಿನ ಕ್ಯಾಂಟೀನಿನ ಹಂಸಾಬೆನ್ ಸೌಟು ಕೆಳಗಿಟ್ಟರು. ಗುಜರಾತಿ ಬೆರೆತ ಹಿಂದಿ ಅವರದು.

“ಅಚ್ಯುತ್‌ಭಾಯಿ ಮನೆಯವಳಾ? ಕೂತ್ಕೋ ದೀಕರಿ, ಕೂತ್ಕೋ ಮಗಳೇ. ಮೊದಲ ದಿನ ನನ್ನ ಬೆಲ್ಲ ಹಾಕಿದ ದಾಲ್ ಕುಡಿದು, ‘ಏನ್ ಬೆನ್, ಊಟಕ್ಕೆ ಮುಂಚೆನೇ ಖೀರಾ?’ ಅಂದಿದ್ದ. ನಾನೇನು ಕಮ್ಮಿ? ಡಬ್ಬಿಯಲ್ಲಿದ್ದ ನಿನ್ನ ಖಾರದ ಸಾರು ಕುಡಿದು, ‘ಹೆಂಡತಿಗೆ ನಿನ್ನ ಮೇಲೆ ಇಷ್ಟೊಂದು ಸಿಟ್ಟಾ?’ ಅಂದೆ.”

ಮನಸ್ವಿನಿ ನಗಲಿಲ್ಲ. “ಅವತ್ತು ಊಟ ಮಾಡಿದ್ರಾ?”

“ಪೂರ್ತಿ ಮಾಡಿದ. ಮಾತು ಮಾತ್ರ ಇರಲಿಲ್ಲ.”

“ಡಬ್ಬಿಯಲ್ಲಿ ಸಕ್ಕರೆ…”

ಹಂಸಾಬೆನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ನಾನೇ ಹಾಕಿದ್ದು. ಅವನನ್ನ ಆಸ್ಪತ್ರೆಗೆ ಒಯ್ದರು, ಡಬ್ಬಿ ಇಲ್ಲೇ ಉಳೀತು. ಹುಷಾರಾಗಿ ಬರ್ತಾನೆ ಅಂತ ತೊಳೆದಿಟ್ಟೆ. ಬರೀ ಪಾತ್ರೆ ವಾಪಸ್ ಕಳಿಸಬಾರದಲ್ಲ, ರೂಢಿ, ಕೈ ತಾನೇ ಹಾಕಿಬಿಡ್ತು. ಸಾವಿನ ಸುದ್ದಿ ಬರೋ ಹೊತ್ತಿಗೆ ಬ್ಯಾಗು ಹೊರಟುಹೋಗಿತ್ತು. ಸಾವಿನ ಮನೆಗೆ ಸಿಹಿ ಕಳಿಸಿದ ಕೈ ಇದು! ನೆಟ್ಟಗೆ ನಿದ್ದೆ ಮಾಡಿಲ್ಲ ನಾನು. ಏನಂದ್ಕೊಂಡೆಯೋ ನೀನು?”

ಒಲೆಯ ಮೇಲೆ ದಾಲ್ ಕುದಿಯುತ್ತಿತ್ತು. ಅವನು ಕ್ಷಮಿಸಿ ಹೋದನೆಂದು ಇಷ್ಟು ದಿನ ಅರ್ಧಂಬರ್ಧ ನಂಬಿದ್ದಳು. ಇನ್ನು ಕೇಳಲು ಯಾರೂ ಇರಲಿಲ್ಲ. ಎದುರಿಗಿದ್ದ ಮುದುಕಿ ಆ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದರು.

“ಚಹಾಕ್ಕೆ ಹಾಕ್ಕೊಂಡೆ ಬೆನ್,” ಎಂದಳು ಮನಸ್ವಿನಿ. “ಆ ವಾರ ಮನೇಲಿ ಸಕ್ಕರೆಯೇ ಇರಲಿಲ್ಲ. ಒಳ್ಳೇದೇ ಆಯ್ತು.”

ಹಂಸಾಬೆನ್ ಕೆಳಗಿಟ್ಟಿದ್ದ ಸೌಟು ಎತ್ತಿಕೊಂಡರು. ಆಮೇಲೆ ತಟ್ಟೆಯಿಟ್ಟು ರೋಟಲಿ, ದಾಲ್ ಬಡಿಸಿದರು. ಮನಸ್ವಿನಿ ಏನೂ ಬಿಡದೆ ಉಂಡಳು.

ವಾಪಸು ಬರುವಾಗ ಭರೂಚಿನಲ್ಲಿ ಉಪ್ಪು ಕಡಲೆಕಾಯಿ ಬೀಜ ಮಾರುವವನು ಕಿಟಕಿಗೆ ಬಂದ. ಒಂದು ಪೊಟ್ಟಣ ಕೊಂಡಳು. ಅವನಿದ್ದಾಗಿನ ರೂಢಿಯಂತೆ ಪಕ್ಕದ ಖಾಲಿ ಸೀಟಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ನಾಲಿಗೆ ಉರಿಯುವವರೆಗೂ ಒಬ್ಬಳೇ ತಿಂದಳು.