ಎರಡು ಹಾವಿನ ದವಾಖಾನಿ

ತಿಕೋಟಾದಲ್ಲಿ ಡಾಕ್ಟರ್ ಚಂದ್ರಶೇಖರರಾಯರು ದವಾಖಾನಿ ತೆರೆದದ್ದು ೧೯೫೯ರಲ್ಲಿ. ಔಷಧಿಗಿಂತ ಮೊದಲು ಬೋರ್ಡು ಬಂತು. ನಾನು ಅವರ ಕಂಪೌಂಡರ್ ದಶರಥ. ವಿಜಾಪುರದ ಜೋರಾಪುರ ಪೇಟೆಯಿಂದ ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದವನೂ ನಾನೇ. ಪೇಂಟರ್ ಅಬ್ದುಲಸಮದ ಒಂದು ಕೋಲಿಗೆ ಒಂದು ಹಾವು ಸುತ್ತಿಸಿ ಬರೆದಿದ್ದ. ಸಾಹೇಬರಿಗೆ ಅದು ಬಡವಾಗಿ ಕಂಡಿತು. ಯಾವುದೋ ವಿಲಾಯಿತಿ ಕ್ಯಾಲೆಂಡರು ತೋರಿಸಿ ಇನ್ನೊಂದು ಹಾವು ಬರೆಸಿದರು, ಕೋಲಿನ ತುದಿಗೆ ಎರಡು ರೆಕ್ಕೆಯನ್ನೂ ಹಚ್ಚಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಒಳಗೆ ಇದ್ದದ್ದು ಒಂದು ಸ್ಟೆಥಾಸ್ಕೋಪು, ಮೂರು ಬಾಟಲಿ ಕೆಂಪು ನೀರು.

ಬಂದವರಿಗೆಲ್ಲ ಮೊದಲು ಬೋರ್ಡಿನ ಪುರಾಣ. "ಇದು ಗ್ರೀಸ್ ದೇಶದ ವೈದ್ಯದೇವರ ದಂಡ. ನಿಮ್ಮ ನಾಗಪ್ಪನ ಕಲ್ಲಲ್ಲ. ಇದರಾಗ ಸಾವಿರಾರು ವರ್ಷದ ಶಾಸ್ತ್ರ ಅದ, ತಿಳೀತೇನು?" ಹೊಟ್ಟೆನೋವಿನವನು ಹೊಟ್ಟೆ ಹಿಡಿದುಕೊಂಡೇ ತಿಳಿಯಿತು ಎನ್ನುತ್ತಿದ್ದ.

ಆ ಕಾಲಕ್ಕೆ ನಮ್ಮ ಕಡೆ ನಾರುಹುಣ್ಣು ಬಲು ಜೋರು. ಮೆಟ್ಟಿಲ ಬಾವಿಯ ನೀರು ಕುಡಿದವನಿಗೆ ವರ್ಷದ ಮೇಲೆ ಕಾಲಲ್ಲಿ ಬೊಬ್ಬೆ ಏಳುವುದು, ಅದು ಒಡೆದು ನೂಲಿನಂಥ ಬಿಳಿ ಹುಳದ ತುದಿ ಹೊರಬರುವುದು. ಅದೇ ನಾರು. ಒಂದು ಮೊಳ, ಕೆಲವೊಮ್ಮೆ ಎರಡು ಮೊಳ ಉದ್ದ. ಎಳೆದರೆ ಒಳಗೇ ಹರಿಯುತ್ತದೆ, ಹರಿದರೆ ಕಾಲು ಕೊಳೆಯುತ್ತದೆ. ಅದನ್ನು ಸರಿಯಾಗಿ ತೆಗೆಯುವುದು ಊರಿಗೆಲ್ಲ ಒಬ್ಬಳಿಗೇ ಗೊತ್ತಿತ್ತು: ಕೆಳಗಿನ ಓಣಿಯ ಮಾಳವ್ವನಿಗೆ. ದವಾಖಾನಿಯ ಎದುರಿನ ಬೇವಿನ ಗಿಡದ ಕೆಳಗೆ ಕೂತು, ಹುಳದ ತುದಿಯನ್ನು ಬೇವಿನ ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಒಂದು ಸುತ್ತು, ಹೆಚ್ಚೆಂದರೆ ಎರಡು ಸುತ್ತು ಸುತ್ತುವಳು. ಹುಳ ಬಿಗಿ ಹಿಡಿಯಿತೋ, ಅಲ್ಲಿಗೆ ನಿಲ್ಲಿಸಿ, ಕಡ್ಡಿಯನ್ನು ಕಾಲಿಗೇ ಕಟ್ಟಿ ನಾಳೆ ಬಾ ಎನ್ನುವಳು.

ಗೌಡರಿಂದ ಹಿಡಿದು ಎಲ್ಲರೂ ಆಕೆಯ ಕೈಗೆ ಕಾಲು ಕೊಡುವರು, ಆಮೇಲೆ ಮನೆಗೆ ಹೋಗಿ ಸ್ನಾನ ಮಾಡುವರು. ಆಕೆಯ ಓಣಿಯವರಿಗೆ ಮಾತ್ರ ನಾರು ಬರುತ್ತಿರಲಿಲ್ಲ. ಅವರಿಗೆ ಆ ಬಾವಿಗೆ ಇಳಿಯಲು ಬಿಡುತ್ತಿರಲಿಲ್ಲವಲ್ಲ. ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ ನೀರು ತುಂಬಿಕೊಳ್ಳುತ್ತಿದ್ದರು. ಊರಿನವರು ಮಡಿ ಕಾಯ್ದುಕೊಂಡು ಹುಳ ಕುಡಿದರು.

ರಾಯರಿಗೆ ಮಾಳವ್ವನನ್ನು ಕಂಡರೆ ಆಗುತ್ತಿರಲಿಲ್ಲ. "ನನ್ನ ದವಾಖಾನಿ ಮುಂದ ಕಡ್ಡಿ ಹಿಡಕೊಂಡು ಕೂಡ್ತಾಳ, ಅಸಹ್ಯ" ಎಂದು ಗೌಡರಿಗೆ ಹೇಳಿ ಅಲ್ಲಿಂದ ಎಬ್ಬಿಸಿದರು. ಅದೇ ವಾರ ಬಬಲೇಶ್ವರದ ಕಡೆಯಿಂದ ದುಡಿಯಲು ಬಂದಿದ್ದ ಸಾಬಣ್ಣ ನಾರು ಎದ್ದ ಕಾಲನ್ನು ಎಳೆಯುತ್ತ ಬಂದ. ಅವನು ಹುಡುಕಿದ್ದು ಮಾಳವ್ವನನ್ನು, ಸಿಕ್ಕಿದ್ದು ನಾವು.

"ಆಕಿ ಹನ್ನೆರಡು ದಿನದ ಕೆಲಸ ನಾ ಒಂದು ನಿಮಿಷದಾಗ ಮಾಡಿ ತೋರಸ್ತೀನಿ" ಎಂದು ರಾಯರು ಚಿಮಟ ಹಿಡಿದರು. ಕಾಲು ಅದುಮಿ ಹಿಡಿದವನು ನಾನು.

"ಸಾಹೇಬ್ರ, ಎಳೀಬ್ಯಾಡ್ರಿ, ಹರೀತೈತ್ರಿ" ಎಂದು ಸಾಬಣ್ಣ ಕೂಗಿದ.

ಶಾಸ್ತ್ರ ಓದದವನ ಮಾತು ಯಾರು ಕೇಳುತ್ತಾರೆ? ಎಳೆದರು. ಗೇಣುದ್ದ ಹೊರಗೆ ಬಂತು, ಉಳಿದದ್ದು ಒಳಗೇ ಉಳಿಯಿತು. ಎರಡು ತಿಂಗಳು ಕೀವು ಸುರಿದು ಅವನ ಪಾದ ಹರಡಿನ ಕೀಲಿನ ಹತ್ತಿರ ಸೆಟೆದು ನಿಂತಿತು. ಅವನು ಮತ್ತೆ ಕೂರಿಗೆ ಹಿಡಿಯಲಿಲ್ಲ. "ಕೇಸು ತಡವಾಗಿ ಬಂದಿತ್ತು" ಎಂದರು ರಾಯರು. ನಾನೂ ತಲೆಯಾಡಿಸಿದೆ. ಅದಕ್ಕೆ ನನ್ನ ಮೇಲೆ ನನಗೇ ಈಗಲೂ ಹೇಸಿಗೆ.

ಮುಂದಿನ ಬೇಸಿಗೆಯಲ್ಲಿ ರಾಯರ ಕಾಲಲ್ಲೇ ಬೊಬ್ಬೆ ಎದ್ದಿತು. ಅವರ ಮನೆಗೂ ಅದೇ ಬಾವಿಯ ನೀರು. ಮೂರು ದಿನ ಬಾಗಿಲು ಹಾಕಿಕೊಂಡು ಕೂತರು. ಚಿಮಟ ಕೈಗೆತ್ತಿಕೊಂಡರು, ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ಎಳೆದರೆ ಏನಾಗುತ್ತದೆಂದು ಅವರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ನಾಲ್ಕನೆಯ ದಿನ ನನ್ನನ್ನು ಕರೆದರು.

"ದಶರಥ, ಆಕಿನ್ನ ಹಿತ್ತಲ ಬಾಗಿಲಿಂದ ಕರಕೊಂಡು ಬಾ. ಯಾರೂ ನೋಡಬಾರದು."

ನಾನು ಹೋದಾಗ ಮಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕಾಲು ಯಾರದಾದ್ರೂ ಕಾಲ, ತಮ್ಮಾ. ಒಲ್ಲೆ ಅನ್ನೂದಿಲ್ಲ. ಆದ್ರ ಹಿತ್ತಲಕ ನಾ ಬರೂದಿಲ್ಲ. ಎಲ್ಲಿಂದ ನನ್ನ ಎಬ್ಬಿಸಿದ್ರು, ಆ ಗಿಡದ ಕೆಳಗ ಅವ್ರ ಬರ್ಲಿ, ಹಾಡಹಗಲ. ಸಾಬಣ್ಣನ್ನೂ ಕರಕೊಂಡು ಬಾ. ಅವನೂ ನೋಡ್ಲಿ."

ರಾಯರು ಕೂಗಾಡಿದರು. ಮೀರಜಿನ ದೊಡ್ಡ ದವಾಖಾನಿಗೆ ಹೋಗಿ ತೋರಿಸುತ್ತೇನೆ ಎಂದರು. "ಅಲ್ಲಿ ಡಾಕ್ಟರೂ ಎಳೆದ್ರಂದ್ರ?" ಎಂದು ನಾನು ಕೇಳಿದೆ. ಮರುದಿನ ಬೆಳಿಗ್ಗೆ ರಾಯರು ಗೋಣಿತಟ್ಟಿನ ಮೇಲೆ, ಬೇವಿನ ಗಿಡದ ಕೆಳಗೆ, ತಮ್ಮದೇ ಬೋರ್ಡಿನ ಎದುರಿಗೆ ಕಾಲು ಚಾಚಿ ಕೂತಿದ್ದರು. ಸಂತೆಗೆ ಹೊರಟವರು ಗಾಡಿ ನಿಲ್ಲಿಸಿ ನೋಡಿದರು. ಸಾಬಣ್ಣ ಕೋಲೂರಿ ನಿಂತಿದ್ದ.

ಹನ್ನೆರಡು ದಿನ ಹೀಗೇ ನಡೆಯಿತು. ದಿನವೂ ಎದ್ದು ಒಳಗೆ ಬಂದ ಕೂಡಲೇ ರಾಯರದು ಒಂದೇ ಮಾತು: "ಡೆಟಾಲ್ ತಾ." ಹುಣ್ಣು ಇದ್ದದ್ದು ಹರಡಿನ ಹತ್ತಿರ, ತೊಳೆಸಿಕೊಳ್ಳುತ್ತಿದ್ದದ್ದು ಮೊಣಕಾಲಿನವರೆಗೆ. ಮಾಳವ್ವನ ಕೈ ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ.

ಪೇಷಂಟುಗಳಿಲ್ಲದ ಆ ದಿನಗಳಲ್ಲಿ ಕಪಾಟಿನ ದಪ್ಪ ಇಂಗ್ಲಿಷ್ ಪುಸ್ತಕ ತೆಗೆದೆ. ಅಚ್ಚಿನಿಂದ ಕೂಡಿಕೊಂಡೇ ಬಂದಿದ್ದ ಅದರ ಹಾಳೆಗಳ ಅಂಚನ್ನು ರಾಯರು ಬಿಡಿಸಿಯೇ ಇರಲಿಲ್ಲ. ಬ್ಲೇಡಿನಿಂದ ನಾನೇ ಕೊಯ್ದೆ. ಮ್ಯಾಟ್ರಿಕ್ ಇಂಗ್ಲಿಷಿನಲ್ಲಿ ತಡವರಿಸುತ್ತ ಓದಿದೆ. ವೈದ್ಯದೇವರ ಕೋಲಿಗೆ ಒಂದೇ ಹಾವಂತೆ, ರೆಕ್ಕೆ ಇಲ್ಲವಂತೆ. ಎರಡು ಹಾವು, ರೆಕ್ಕೆ ಇರುವುದು ಬೇರೊಬ್ಬ ದೇವರದು. ಅವನು ವ್ಯಾಪಾರಿಗಳನ್ನೂ ಕಳ್ಳರನ್ನೂ ಕಾಯುವವನಂತೆ. ನಮ್ಮ ದವಾಖಾನಿಗೆ ಅದೇ ಒಪ್ಪುತ್ತಿತ್ತು, ಬಿಡಿ. ಕೆಳಗೆ ಇನ್ನೊಂದು ಮಾತಿತ್ತು: ವೈದ್ಯದೇವರ ಕೋಲಿಗೆ ಸುತ್ತಿದ್ದು ಮೂಲದಲ್ಲಿ ಹಾವೇ ಅಲ್ಲ, ಕಾಲಿನಿಂದ ಕಡ್ಡಿಗೆ ಸುತ್ತಿ ತೆಗೆದ ನಾರುಹುಳ ಎಂದು ಕೆಲವರು ಹೇಳುತ್ತಾರೆ.

ಹನ್ನೆರಡನೆಯ ದಿನ ಹುಳದ ಬಾಲ ಹೊರಗೆ ಬಂತು. ನಾನು ಆ ಪುಟ ತೆರೆದು ಎಲ್ಲರೆದುರಿಗೆ ಕನ್ನಡದಲ್ಲಿ ಹೇಳಿದೆ. "ಅದೆಲ್ಲಾ ಬರೇ ಊಹೆ" ಎಂದರು ರಾಯರು, ಮುಖ ತಿರುಗಿಸಿ. ಮಾಳವ್ವ ಕೈಯಲ್ಲಿದ್ದ ಕಡ್ಡಿ ನೋಡಿದಳು, ಬೋರ್ಡು ನೋಡಿದಳು, ಬಾಯಿಗೆ ಸೆರಗು ಹಿಡಿದು ನಕ್ಕಳು.

"ಹಂಗಂದ್ರ ಆ ದ್ಯಾವ್ರೂ ನಮ್ಮ ಓಣ್ಯಾಂವನ ಇರ್ಬೇಕ ತಗೋ, ತಮ್ಮಾ. ಅವಂಗೂ ಬಾವಿಗೆ ಇಳ್ಯಾಕ ಬಿಟ್ಟಿರಾಕಿಲ್ಲ. ಅದಕ ಮಂದಿ ಕಾಲಾಗಿನ ನಾರು ತಗೀತಿದ್ದ."

ರಾಯರು ಎದ್ದು ನಿಂತರು. ಕಾಲು ಸರಿಯಾಗಿ ನೆಲಕ್ಕೆ ಊರಿತು. ಎದುರಿಗೆ ಸಾಬಣ್ಣ ಆ ಕಾಲನ್ನೇ ನೋಡುತ್ತಿದ್ದ. "ದಶರಥ, ಡೆಟಾಲ್ ತಾ" ಎಂದರು.

ನಾನು ಏಳಲಿಲ್ಲ. ಸಾಬಣ್ಣನ ಕಾಲನ್ನು ಅದುಮಿ ಹಿಡಿದಿದ್ದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾಳವ್ವನ ಪಕ್ಕದಲ್ಲಿ ಕೂತೇ ಇದ್ದೆ.