ಭಾರ ಬೀಳದ ಮೂಳೆ

ಎಕ್ಸ್‌ರೇ ಹಾಳೆಯಲ್ಲಿ ಅಮ್ಮನ ಸೊಂಟ ಹಳೇ ಸೊಳ್ಳೆಪರದೆಯ ಹಾಗೆ ಕಾಣುತ್ತಿದೆ, ತೊಡೆಮೂಳೆಯ ಕತ್ತಿನಲ್ಲಿ ಒಂದು ಕಪ್ಪು ಗೆರೆ, ಬಿದ್ದದ್ದೂ ಅಲ್ಲ ಪಾಪ, ಕುರ್ಚಿಯಿಂದ ಏಳುವಾಗ ಲಟಕ್ಕೆಂದಿತಂತೆ — ಡೊಂಬಿವಲಿಯ ಈ ಡಾಕ್ಟರು ಕುಂದಾಪುರದ ಕಡೆಯವರು, ಮಗ ಸರ್ವೋತ್ತಮನ ಮುಖ ನೋಡುತ್ತಾರೆ, ಏನು ಮಾರಾಯ್ರೆ, ಅಮ್ಮನಿಗೆ ಓಡಾಟವೇ ಇರ್ಲಿಲ್ವಾ, ಅವನು ಬಾಯಿ ತೆರೆಯುವ ಮೊದಲೇ ಮಂಚದಿಂದ ಅಮ್ಮ, ನನ್ನ ಮಗ ಒಂದು ಚೆಂಬು ನೀರು ಸಹ ಎತ್ಲಿಕ್ಕೆ ಬಿಡುದಿಲ್ಲ ಡಾಕ್ಟ್ರೇ, ರಾಣಿಯ ಹಾಗೆ ಕೂರಿಸಿದ್ದಾನೆ, ಹಾಗೆನ್ನುವಾಗಲೂ ಅವಳ ಬಲಗೈ ಹೊದಿಕೆಯ ಮೇಲೆ ತನ್ನಷ್ಟಕ್ಕೆ ಸುತ್ತುತ್ತಿದೆ, ಸುತ್ತುತ್ತಲೇ ಇದೆ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಇವತ್ತು ಬೆಳಿಗ್ಗೆ ತಾನೇ ಅವನು ಪಾಠ ಮಾಡುವ ಥಾಣೆಯ ಕಾಲೇಜಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದ, ಮೂಳೆ ಕಲ್ಲಲ್ಲ, ಒಳಗೆ ಹುದುಗಿದ ಕೋಶಗಳು ಬೆರಳು ಚಾಚಿ ಒಂದನ್ನೊಂದು ಮುಟ್ಟಿಕೊಂಡೇ ಇರುತ್ತವೆ, ಭಾರ ಬಿದ್ದರೆ ಪಕ್ಕದವಕ್ಕೆ ಸುದ್ದಿ ಹೋಗುತ್ತದೆ, ಕಟ್ಟುವ ಕೋಶಗಳು ಕೆಲಸಕ್ಕಿಳಿಯುತ್ತವೆ, ಸುದ್ದಿ ಬರದೇ ಹೋದರೆ ತಿನ್ನುವ ಕೋಶಗಳದ್ದೇ ಕಾರುಬಾರು — ಹೇಳುವುದು ಆಚಾರ, ಮಾಡುವುದು ಅನಾಚಾರ, ಕೆಳಗಿನ ನಲ್ಲಿಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದವಳು ಅಮ್ಮ, ಚಾಳಿನ ಸಾಲುಮನೆಗಳ ನಮ್ಮೂರಿನವರ ಇಡ್ಲಿ ಹಿಟ್ಟನ್ನೆಲ್ಲ ತಾನೇ ರುಬ್ಬುವ ಕಲ್ಲಿನಲ್ಲಿ ಕಡೆದು ಕೊಡುತ್ತಿದ್ದವಳು, ದುಡ್ಡಿಗಲ್ಲ, ಬಂದವರ ಜೊತೆ ಮಾತು-ಪಟ್ಟಾಂಗಕ್ಕೆ, ಅಕ್ಕು ಬಾಯಿ ಕಡೆದರೆ ಹಿಟ್ಟು ಹೂವು ಅಂತ ಹೆಸರು ಬೇರೆ, ಕೆಲವು ವರ್ಷಗಳ ಹಿಂದೆ ಒಂದು ದಿನ ಚಹಾಕ್ಕೆ ಬಂದ ಸಹೋದ್ಯೋಗಿ ಲೀಲಾಧರ ಬಾಗಿಲಲ್ಲೇ ನಿಂತು ನಕ್ಕ, ಪ್ರೊಫೆಸರರ ಅಮ್ಮ ಚಾಳಿಗೆಲ್ಲ ಹಿಟ್ಟು ಕಡೆಯುದಾ, ಅಷ್ಟೇ, ಮರುದಿನವೇ ಮನೆಗೆ ಮಿಕ್ಸರ್ ಬಂತು, ಕಡೆಯುವ ಕಲ್ಲು ಹಿಂದಿನ ಗಟಾರದ ಬದಿಗೆ ಹೋಯಿತು, ನೀರಿಗೆ ಆಳು, ನಿಂಗೆ ವಿಶ್ರಾಂತಿ ಬೇಕಮ್ಮ ಅಂದ, ಥೂ, ವಿಶ್ರಾಂತಿಯಂತೆ, ಬೇಕಾಗಿದ್ದದ್ದು ತನ್ನ ಮರ್ಯಾದೆ.

ಇನ್ನು ನಡೆದಾರೆಂದು ಹೇಳಲಾಗದು ಅಂತ ಅವನನ್ನು ಪಕ್ಕಕ್ಕೆ ಕರೆದು ಹೇಳಿ ಡಾಕ್ಟರು ಹೋದರು, ಅಮ್ಮ ಹತ್ತಿರ ಕರೆದಳು, ಮನೆಗೆ ಹೋದ ಮೇಲೆ ಆ ಕಲ್ಲು ಒಳಗೆ ತರಿಸು ಮಗಾ, ಕೂತಲ್ಲೇ ಕಡೆಯುತ್ತೇನೆ, ಅವನು ತಲೆ ತಗ್ಗಿಸಿದ, ಮೊದಲೇ ಕೇಳಬಾರದಿತ್ತಾ ಅಮ್ಮ, ಹೇಗೆ ಕೇಳುದು ಮಗಾ, ನಿನ್ನ ಸ್ನೇಹಿತ ನಕ್ಕದ್ದು ನನಗೂ ಕೇಳಿತ್ತಲ್ಲ — ಹಾಗಾದರೆ ಗೊತ್ತಿತ್ತು, ಇಷ್ಟು ವರ್ಷ ಗೊತ್ತಿದ್ದೇ ಅವನ ಮಾನಕ್ಕಾಗಿ ಕುರ್ಚಿಯಲ್ಲಿ ಕೂತಿದ್ದಳು, ಈಗ ಡಾಕ್ಟರ ಎದುರು ಹೊಗಳಿದ್ದೂ ಅದಕ್ಕೇ — ಹೊದಿಕೆಯ ಮೇಲೆ ಕೈ ಸುತ್ತುತ್ತಿದೆ, ಕಲ್ಲಿಲ್ಲ, ಹಿಟ್ಟಿಲ್ಲ, ಕೈ ಸುತ್ತುತ್ತಿದೆ.