ಹದಿನೈದನೆಯ ಲಕೋಟೆ

ಕಳೆದ ವರ್ಷದ ಲೆಕ್ಕ, ಏಳನೆಯ ತಿಂಗಳಲ್ಲೂ ಅದೇ ವ್ಯತ್ಯಾಸ. ಲೆಕ್ಕದ ಮೇಡಂ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಮತ್ತೊಮ್ಮೆ ಕೂಡಿದಳು. ಹದಿನಾಲ್ಕು ಜನರ ಸಂಬಳದಿಂದ ಹಿಡಿದ ತೆರಿಗೆಗಿಂತ ಸರ್ಕಾರಕ್ಕೆ ಕಟ್ಟಿದ್ದೇ ಹೆಚ್ಚು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅವಳು ಕಡಿಮೆ ಕಟ್ಟಿದವರನ್ನು ಕಂಡಿದ್ದಳು, ಕಟ್ಟದೇ ಕೈ ಎತ್ತಿದವರನ್ನು ಕಂಡಿದ್ದಳು. ಹೆಚ್ಚು ಕಟ್ಟುವ ಪುಣ್ಯಾತ್ಮ ಸಿಕ್ಕಿದ್ದು ಇದೇ ಮೊದಲು. ಅದೂ ಈ ಲಾಂಡ್ರಿಯ ಯಜಮಾನ. ಅವಳ ಹೊಸ ಗಿರಾಕಿ. ಅವಳ ಶುಲ್ಕಕ್ಕೆ ಅರ್ಧ ಗಂಟೆ ಚೌಕಾಸಿ ಮಾಡಿದ್ದ ಮಹಾನುಭಾವ.

ಹಳೆಯ ಲೆಕ್ಕಿಗ ಕಳಿಸಿದ್ದ ವಾರ್ಷಿಕ ಪಟ್ಟಿಯಲ್ಲಿ ಹದಿನೈದನೆಯ ಹೆಸರು ಸಿಕ್ಕಿತು. ಹುದ್ದೆ, ಗುಣಮಟ್ಟ ಮೇಲ್ವಿಚಾರಕಿ. ಎಲ್ಲರಿಗಿಂತ ದೊಡ್ಡ ಸಂಬಳ. ಸಂಬಳದ ಪುಸ್ತಕದಲ್ಲಿ ಆ ಹೆಸರಿನ ಹಾಳೆಯ ಹರಿದ ಅಂಚು ಮಾತ್ರ ಉಳಿದಿತ್ತು.

“ಇವ್ರು ಯಾರು ಸಾರ್? ಕೆಳಗೆ ಲಾಂಡ್ರಿಯಲ್ಲಿ ಎಲ್ಲೂ ಕಾಣ್ಲಿಲ್ವಲ್ಲ.”

ಯಜಮಾನ ಬಾಗಿಲ ಕಡೆ ಕಣ್ಣು ಹಾಯಿಸಿದ. “ನಮ್ಮನೆಯವಳೇ. ಸುಮ್ನೆ ಲೆಕ್ಕಕ್ಕೆ. ಅವಳ ಹೆಸರಲ್ಲಿ ಸಂಬಳ ತೋರಿಸಿದ್ರೆ ನನ್ನ ತೆರಿಗೆ ಇಳಿಯುತ್ತೆ. ಅವಳಿಗೆ ಗೊತ್ತಿಲ್ಲ. ಈ ರೂಮು ಗುಡಿಸೋಕೆ ಬರ್ತಾಳೆ, ಕಣ್ಣಿಗೆ ಬಿದ್ರೆ ತಲೆನೋವು ಅಂತ ಹಾಳೆ ಕಿತ್ತೆ.”

“ಸಹಿ?”

“ನಾನೇ ಹಾಕ್ತೀನಿ. ಅವಳಿಗಿಂತ ಚೆನ್ನಾಗಿ ಬರುತ್ತೆ.”

ಪಟ್ಟಿಯ ಪ್ರಕಾರ ಒಂಬತ್ತು ವರ್ಷದ ನೌಕರಿ. ಒಂದು ದಿನ ರಜೆಯಿಲ್ಲ, ಒಮ್ಮೆಯೂ ಸಂಬಳ ಕೇಳಿಲ್ಲ. ಇಂಥ ಶಿಸ್ತಿನವರು ಯಾವ ಕಂಪನಿಗೆ ಸಿಕ್ಕಾರು!

ಯಜಮಾನ ಫೋನ್ ಬಂತೆಂದು ಕೆಳಗಿಳಿದ. ಹಿಂದೆಯೇ ಅವನ ಹೆಂಡತಿ, ಆ ಮೇಲ್ವಿಚಾರಕಿ, ಚಹಾ ಹಿಡಿದು ಬಂದರು. ಒಂದು ಕೆನ್ನೆ ಊದಿತ್ತು.

“ಹಲ್ಲು ನೋವಾ ಅಕ್ಕ?”

“ಆರು ತಿಂಗಳಾಯ್ತು ಕಣಮ್ಮ. ಮೂರು ಹಲ್ಲು ಕಟ್ಟಿಸ್ಬೇಕಂತೆ. ಇವರನ್ನ ಕೇಳಿದ್ರೆ, ‘ದುಡಿಯೋನು ನಾನೊಬ್ಬ, ಕೂತು ತಿನ್ನೋಳಿಗೆ ಹಲ್ಲಿನ ಖರ್ಚು ಬೇರೆ’ ಅಂತಾರೆ. ತಮಾಷೆಗೆ ಅನ್ನಿ.” ನಗಲು ಹೋಗಿ ಕೆನ್ನೆ ಹಿಡಿದುಕೊಂಡರು.

ಮೇಡಂ ಸಂಬಳದ ಪುಸ್ತಕವನ್ನು ಮೆಲ್ಲನೆ ಮುಚ್ಚಿದಳು. “ಈ ರೂಮು ಎಷ್ಟೊತ್ತಿಗೆ ಗುಡಿಸ್ತೀರಿ?”

“ಎಂಟಕ್ಕೇ. ಇವರು ಹತ್ತಕ್ಕೆ ಮುಂಚೆ ಏಳೋರಲ್ಲ.”

ಅವರು ಲೋಟ ಎತ್ತಿಕೊಂಡು ಹೋದ ಮೇಲೆ ಯಜಮಾನ ಬಂದ. “ಎಲ್ಲಾ ತಾಳೆ ಆಯ್ತಾ?”

“ಪೈಸೆ ಪೈಸೆ ಆಯ್ತು. ಇನ್ನು ವರ್ಷದ ಸಂಬಳ, ಹಿಡಿದ ತೆರಿಗೆ ಎರಡನ್ನೂ ತೋರಿಸೋ ಪ್ರಮಾಣಪತ್ರ. ಪ್ರತಿ ನೌಕರರ ಕೈಗೂ ಮುಟ್ಟಬೇಕು ಸಾರ್, ನಿಯಮ.”

“ಹದಿನಾಲ್ಕು ಹಂಚಿ. ಇನ್ನೊಂದು ನನಗೆ ಕೊಡಿ, ಹರಿದು ಹಾಕ್ತೀನಿ. ನಿಯಮ ಅಂತೆ, ನಿಯಮ!”

“ಆಗಲಿ ಸಾರ್.”

ಹದಿನೈದನೆಯ ಪ್ರಮಾಣಪತ್ರವನ್ನು ಅವನ ಮೇಜಿನ ಮೇಲಿಟ್ಟಳು. ಅವನು ಅಲ್ಲೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿ, ಸಮಾಧಾನದಿಂದ ಕೈ ಕೊಡವಿಕೊಂಡ. ಅವನು ಮತ್ತೆ ಕೆಳಗಿಳಿದಾಗ ಅವಳು ಅದನ್ನೇ ಇನ್ನೊಮ್ಮೆ ಪ್ರಿಂಟ್ ತೆಗೆದಳು. ಲಕೋಟೆಗೆ ಹಾಕಿ, ಮೇಲೆ ಆ ಹೆಂಗಸಿನ ಪೂರ್ತಿ ಹೆಸರನ್ನು ದುಂಡಗೆ ಬರೆದಳು. ಹೊಸ ಗಿರಾಕಿ ಹಳಬನಾಗುವ ಮೊದಲೇ ಕೈ ತಪ್ಪಬಹುದು, ತಪ್ಪಲಿ.

ಲಕೋಟೆ ಅವಳ ಚೀಲ ಸೇರಿತು. ಮನೆಗೆ ಹೊರಡುವ ಮುಂಚೆ, ಬೆಳಿಗ್ಗೆ ಎಂಟಕ್ಕೆ ಈ ರೂಮಿನಲ್ಲಿರಲು ಅಲಾರಾಂ ಅನ್ನು ಆರೂವರೆಗೆ ಇಟ್ಟುಕೊಂಡಳು.